ಬಿಸಿಲಿಗೆ ಬಂಡೆ ನಿಜವಾಗಲೂ ಸೀಳುತ್ತದೆಯಾ?

ಮಳೆಹನಿ
ಮಗಳು ಒಂಬತ್ತನೇ ಕ್ಲಾಸು. ಶಿಲೆಗಳ ಶಿಥಿಲೀಕರಣದ ಪಾಠ ನಡೆಯುತ್ತಿದೆ. ಹಗಲು ಬಿಸಿಲಿಗೆ ಬಂಡೆ ಹಿಗ್ಗುತ್ತದೆ, ರಾತ್ರಿ ಚಳಿಗೆ ಕುಗ್ಗುತ್ತದೆ, ಹಿಗ್ಗಿ ಕುಗ್ಗಿ ಕೊನೆಗೆ ಒಡೆಯುತ್ತದೆ ಅಂತ ಪುಸ್ತಕದಲ್ಲಿದೆ. ನಾವೆಲ್ಲ ಓದಿದ್ದೂ ಇದನ್ನೇ. ಅವಳು ಕೇಳಿದ್ದು ಇಷ್ಟೇ: "ಹಾಗಿದ್ದರೆ ಸಾವಿರಾರು ವರ್ಷ ಬಿಸಿಲಲ್ಲೇ ನಿಂತ ಕಲ್ಲಿನ ಕಂಬಗಳು ಯಾಕೆ ಇನ್ನೂ ನೆಟ್ಟಗಿವೆ?"

ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಹುಡುಕಿದರೆ ಒಂದು ಕಡೆ ಬಿಸಿಲೇ ಕಾರಣ ಅಂತಾರೆ, ಇನ್ನೊಂದು ಕಡೆ ಬಿಸಿಲಿಂದ ಏನೂ ಆಗಲ್ಲ ಅಂತ ಪ್ರಯೋಗದಲ್ಲೇ ತೋರಿಸಿದ್ದಾರೆ ಅಂತಾರೆ. ಯಾವುದನ್ನು ನಂಬಬೇಕು? ಇಲ್ಲಿ ತಿಳಿದವರು ಇದ್ದೀರಿ, ಬಿಡಿಸಿ ಹೇಳಿ.

ಉತ್ತರಧ್ರುವ
ಇದರಲ್ಲಿ ಅನುಮಾನ ಪಡೋದು ಏನಿದೆ? ಮರುಭೂಮಿಯಲ್ಲಿ ಹಗಲು ರಾತ್ರಿಯ ತಾಪದ ವ್ಯತ್ಯಾಸ ಜಾಸ್ತಿ. ರಾತ್ರಿ ಬಂಡೆ ಸೀಳುವ ಸದ್ದು ಕೇಳಿದೆವು ಅಂತ ಹಳೆಯ ಕಾಲದ ಪ್ರವಾಸಿಗರು ಬರೆದಿಟ್ಟಿದ್ದಾರೆ. ಪುಸ್ತಕ ಸರಿಯಾಗೇ ಇದೆ.

ಪದರಗಲ್ಲು
ಅಷ್ಟು ಸುಲಭ ಅಲ್ಲ. ನಾನು ಭೂವಿಜ್ಞಾನ ಓದುತ್ತಿದ್ದೇನೆ. ನಮಗೆ ಮೊದಲ ವರ್ಷವೇ ಹೇಳಿಕೊಡುವ ಪ್ರಯೋಗ ಒಂದಿದೆ. 1936ರಲ್ಲಿ ಡೇವಿಡ್ ಗ್ರಿಗ್ಸ್ ಅನ್ನುವವರು ನಯಗೊಳಿಸಿದ ಗ್ರಾನೈಟ್ ತುಂಡನ್ನು ಕಾಯಿಸಿ ತಣಿಸಿ, ಕಾಯಿಸಿ ತಣಿಸಿ 89,400 ಸಲ ಮಾಡಿದರು. ಪ್ರತಿ ಸಲವೂ 110 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ. ಒಂದು ಸಲವನ್ನು ಒಂದು ದಿನ ಅಂತ ಹಿಡಿದರೆ 244 ವರ್ಷದ ಹಗಲು ರಾತ್ರಿ. ಯಾವ ಮರುಭೂಮಿಯ ಬಂಡೆಯೂ ದಿನಾ ಅಷ್ಟು ಏರಿಳಿತ ಕಾಣುವುದಿಲ್ಲ. ಕೊನೆಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಲ್ಲಿನ ಮೇಲ್ಮೈ ಬದಲಾಗಿರಲಿಲ್ಲ.

ಮಜಾ ಇರುವುದು ಮುಂದೆ. ಅದೇ ಕಲ್ಲನ್ನು ಒಣಗಾಳಿಯ ಬದಲು ನೀರು ಚಿಮುಕಿಸಿ ತಣಿಸಿದರು. ಎರಡೂವರೆ ವರ್ಷಕ್ಕೆ ಸಮವಾಗುವಷ್ಟು ಸಲ ಮಾಡುವುದರೊಳಗೆ ನಯ ಹೋಯಿತು, ಬಿರುಕು ಕಾಣಿಸಿತು. ಅಂದರೆ ನಿಜವಾದ ಕೆಲಸಗಾರ ಬಿಸಿಲಲ್ಲ, ನೀರು.

ಉತ್ತರಧ್ರುವ
ಪ್ರಯೋಗಾಲಯದ ಸಣ್ಣ ತುಂಡು ಬೇರೆ, ಬೆಟ್ಟ ಬೇರೆ ಅಲ್ವಾ?

ಸುಡುಗಾಡು_ಬಿಸಿಲು
ಉತ್ತರಧ್ರುವ ಅವರ ಮಾತಿನಲ್ಲಿ ಹುರುಳಿದೆ. ಗ್ರಿಗ್ಸ್ ಪ್ರಯೋಗ ನೋಡಿ ಎಷ್ಟೋ ದಶಕ ಎಲ್ಲರೂ "ಬಿಸಿಲಿಂದ ಏನೂ ಇಲ್ಲ" ಅಂತ ಕೈ ತೊಳೆದುಕೊಂಡರು. ಆ ತುಂಡು ಸಣ್ಣದು. ಸುತ್ತ ಖಾಲಿ ಜಾಗ. ಹಿಗ್ಗಬೇಕೆಂದರೆ ಅದನ್ನು ತಡೆಯುವವರಿಲ್ಲ. ಬೆಟ್ಟದ ಮೈಯಲ್ಲಿರುವ ಕಲ್ಲಿಗೆ ಆ ಅನುಕೂಲ ಇಲ್ಲ. ಮೇಲ್ಪದರ ಕಾದು ಹಿಗ್ಗಲು ನೋಡುತ್ತದೆ, ಒಳಗಿನ ತಣ್ಣನೆ ಕಲ್ಲು ಬಿಡುವುದಿಲ್ಲ. ಒತ್ತಡ ಹುಟ್ಟುವುದೇ ಅಲ್ಲಿ.

ಮಾರ್ಥಾ ಎಪ್ಪಿಸ್ ಅನ್ನುವ ವಿಜ್ಞಾನಿ ಮತ್ತು ಅವರ ಜೊತೆಗಾರರು ಬಯಲಲ್ಲಿದ್ದ ಒಂದು ಗ್ರಾನೈಟ್ ಗುಂಡುಕಲ್ಲಿಗೆ ಸದ್ದು ಹಿಡಿಯುವ ಸಾಧನ ಅಂಟಿಸಿ ಬಿಟ್ಟರು. ಕಲ್ಲಿನೊಳಗೆ ಬಿರುಕು ಒಂದು ಚೂರು ಮುಂದಕ್ಕೆ ಹೋದರೂ ಸಣ್ಣ ಸದ್ದಾಗುತ್ತದೆ, ನಮ್ಮ ಕಿವಿಗೆ ಕೇಳದಷ್ಟು ಸಣ್ಣದು. ಆ ಸದ್ದುಗಳು ದಿನವಿಡೀ ಸಮನಾಗಿ ಬರಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಗುಂಪಾಗಿ ಬಂದವು. ಹೊರಮೈ ಬೇಗ ತಣಿಯುವ ಹೊತ್ತು ಅದೇ ತಾನೇ.

ಇನ್ನೊಂದು ಸಾಕ್ಷಿ. ಮರುಭೂಮಿಗಳಲ್ಲಿ ನೆಲದ ಮೇಲೆ ಬಿದ್ದಿರುವ ಬಿಡಿ ಕಲ್ಲುಗಳ ಬಿರುಕುಗಳ ದಿಕ್ಕು ಅಳೆದಾಗ ಬಹಳಷ್ಟು ಬಿರುಕು ಉತ್ತರ ದಕ್ಷಿಣಕ್ಕೆ ವಾಲಿಕೊಂಡಿದ್ದವು. ಬೆಳಗ್ಗೆ ಪೂರ್ವದ ಮೈ ಕಾಯುತ್ತದೆ, ಸಂಜೆ ಪಶ್ಚಿಮದ ಮೈ. ಕಲ್ಲು ಹೇಗೆ ಬಿದ್ದಿದ್ದರೂ ಬಿರುಕು ಸೂರ್ಯನ ದಾರಿಗೆ ಅಡ್ಡವಾಗಿ ಸಾಲುಗಟ್ಟಿದೆ ಅಂದರೆ ಬೇರೆ ಯಾರನ್ನು ದೂರುವುದು?

ಮಳೆಹನಿ
ಹಾಗಾದರೆ ಬಿಸಿಲು ಒಡೆಯುತ್ತದೆ ಅಂತಲೋ ಇಲ್ಲ ಅಂತಲೋ? ಅವಳಿಗೆ ನಾಳೆ ಏನು ಹೇಳಲಿ?

ಸುಡುಗಾಡು_ಬಿಸಿಲು
ಒಂದೇ ದಿನದ ಬಿಸಿಲು ಗಟ್ಟಿ ಕಲ್ಲನ್ನು ಸೀಳುವುದಿಲ್ಲ. ಅದಕ್ಕೆ ಬೇಕಾದ ಬಲ ಹುಟ್ಟುವುದೇ ಇಲ್ಲ. ಆದರೆ ಕಲ್ಲಿನಲ್ಲಿ ಮೊದಲೇ ಇರುವ ಕೂದಲೆಳೆ ಬಿರುಕಿನ ತುದಿಯನ್ನು ದಿನಕ್ಕೆ ಕೂದಲಿಗಿಂತ ಎಷ್ಟೋ ಕಮ್ಮಿ ಅಳತೆಯಲ್ಲಿ ಮುಂದಕ್ಕೆ ತಳ್ಳುತ್ತದೆ. ತೇವ ಇದ್ದರೆ ಆ ಕೆಲಸ ಇನ್ನೂ ಸಲೀಸು. ಬಿರುಕಿನ ತುದಿಯಲ್ಲಿ ಕಲ್ಲಿನ ಅಣುಗಳ ಬಂಧವನ್ನು ನೀರು ಸಡಿಲ ಮಾಡುತ್ತದೆ. ಹಾಗಾಗಿ ಗ್ರಿಗ್ಸ್ ನೀರಿನ ಬಗ್ಗೆ ಕಂಡುಕೊಂಡದ್ದು ಇವತ್ತಿಗೂ ನಿಲ್ಲುತ್ತದೆ. ಬಿಸಿಲಿಂದ ಏನೂ ಇಲ್ಲ ಅಂತ ಬೇರೆಯವರು ಎಳೆದ ತೀರ್ಮಾನ ಮಾತ್ರ ನಿಲ್ಲುವುದಿಲ್ಲ.

ಉಳಿಸುತ್ತಿಗೆ
ನಾವು ಕಲ್ಲಿನ ಕೆಲಸದವರು. ನಮ್ಮ ಹಿರಿಯರು ಬಂಡೆ ಎಬ್ಬಿಸುತ್ತಿದ್ದದ್ದೇ ಬೆಂಕಿ ಹಾಕಿ. ಸೌದೆ ಉರಿಸಿ ಬಂಡೆ ಚೆನ್ನಾಗಿ ಕಾದ ಮೇಲೆ ನೀರು ಹೊಯ್ದರೆ ಚಕ್ಕೆ ಏಳುತ್ತದೆ. ಬರೀ ಬೆಂಕಿಗೂ ಏಳುತ್ತದೆ, ಆದರೆ ಹೊತ್ತು ಜಾಸ್ತಿ ಬೇಕು. ಅದಿಲ್ಲದಿದ್ದರೆ ಉಳಿಯಲ್ಲಿ ಸಾಲಾಗಿ ಕುಳಿ ಹೊಡೆದು, ಒಣಮರದ ಬೆಣೆ ಬಿಗಿದು ನೀರು ಕುಡಿಸುವುದು. ಮರ ಉಬ್ಬಿ ಕಲ್ಲು ಸೀಳುತ್ತದೆ. ಕಲ್ಲು ಎಲ್ಲಾ ದಿಕ್ಕಿಗೂ ಒಂದೇ ಥರ ಸೀಳುವುದಿಲ್ಲ. ಅದಕ್ಕೂ ಒಂದು ದಿಕ್ಕಿದೆ. ತಟ್ಟಿ ಸದ್ದು ಕೇಳಿದರೆ ಗೊತ್ತಾಗುತ್ತದೆ. ಒಳಗೆ ಬಿರುಕು ಇರುವ ಕಲ್ಲು ಮಂಕಾಗಿ ಕೇಳುತ್ತದೆ. ಒಳ್ಳೆ ಕಲ್ಲು ಗಂಟೆ ಥರ.

ಮಗು ಕೇಳಿದ ಕಂಬದ ಮಾತಿಗೆ ಉತ್ತರವೂ ಇದರಲ್ಲೇ ಇದೆ. ಕಂಬಕ್ಕೆ ಯಾರೂ ಸಿಕ್ಕ ಕಲ್ಲು ತರುವುದಿಲ್ಲ. ತಟ್ಟಿ, ನೋಡಿ, ಬಿರುಕಿಲ್ಲದ ಕಲ್ಲನ್ನೇ ಆರಿಸಿ ತರುತ್ತಾರೆ. ಬೆಟ್ಟದ ಬಂಡೆಗೆ ಆ ಆಯ್ಕೆ ಎಲ್ಲಿದೆ?

ಪದರಗಲ್ಲು
ಉಳಿಸುತ್ತಿಗೆ ಅಣ್ಣ, ಇಡೀ ಚರ್ಚೆಯಲ್ಲಿ ಇದಕ್ಕಿಂತ ಒಳ್ಳೆ ಉತ್ತರ ಬರಲಿಕ್ಕಿಲ್ಲ.

ಮಳೆಹನಿ
ನಿಜ. ಇದನ್ನೇ ಹೇಳುತ್ತೇನೆ ಅವಳಿಗೆ.

ಬಿಳಿಜೇಡಿ
ಬಿಸಿಲಿನ ಮಾತು ಬಂದಾಗ ಅಮೃತಶಿಲೆ ಬಿಟ್ಟರೆ ಹೇಗೆ? ಅದರಲ್ಲಿರುವ ಕ್ಯಾಲ್ಸೈಟ್ ಹರಳು ಕಾದಾಗ ಒಂದು ದಿಕ್ಕಿಗೆ ಹಿಗ್ಗಿ ಇನ್ನೊಂದು ದಿಕ್ಕಿಗೆ ಸ್ವಲ್ಪ ಕುಗ್ಗುತ್ತದೆ. ಪಕ್ಕಪಕ್ಕದ ಹರಳುಗಳ ದಿಕ್ಕು ಬೇರೆ ಬೇರೆ. ಹಾಗಾಗಿ ಒಂದನ್ನೊಂದು ತಳ್ಳಿ ಸಡಿಲ ಮಾಡಿಕೊಳ್ಳುತ್ತವೆ. ಹೆಲ್ಸಿಂಕಿಯ ಫಿನ್‌ಲ್ಯಾಂಡಿಯಾ ಹಾಲ್ 1971ರಲ್ಲಿ ತೆರೆದಾಗ ಹೊರಗೋಡೆಗೆ ಇಟಲಿಯ ಕರಾರಾ ಅಮೃತಶಿಲೆಯ ತೆಳು ಹಲಗೆ ಹಾಕಿದ್ದರು. ಹಲಗೆಗಳು ಬಾಗಿಹೋದವು. 1990ರ ದಶಕದ ಕೊನೆಯಲ್ಲಿ ಎಲ್ಲ ತೆಗೆದು ಹೊಸದು ಹಾಕಿದರು, ಅವೂ ಬಾಗಿದವು. ಕಲ್ಲು ಬಾಗುತ್ತದೆ ಅಂದರೆ ನಂಬೋಕೆ ಕಷ್ಟ, ಆದರೆ ಫೋಟೋ ನೋಡಿದರೆ ಕಣ್ಣಿಗೇ ಕಾಣುತ್ತದೆ.

ಇದು ಹೊಸ ವಿಷಯವೂ ಅಲ್ಲ. 1880ರಲ್ಲೇ ಆರ್ಚಿಬಾಲ್ಡ್ ಗೀಕಿ ಎಡಿನ್‌ಬರೋದ ಸಮಾಧಿಕಲ್ಲುಗಳನ್ನು ನೋಡಿ ಬರೆದಿದ್ದರು. ಸಮಾಧಿಕಲ್ಲಿನ ಮೇಲೆ ಇಸವಿ ಕೆತ್ತಿರುತ್ತದಲ್ಲ, ಎಷ್ಟು ವರ್ಷಕ್ಕೆ ಎಷ್ಟು ಕರಗಿತು ಅಂತ ನೇರ ಲೆಕ್ಕ ಸಿಗುತ್ತದೆ. ಅಲ್ಲಿನ ಮಳೆ ಮತ್ತು ಕಲ್ಲಿದ್ದಲ ಹೊಗೆಯಲ್ಲಿ ಅಮೃತಶಿಲೆಯ ಅಕ್ಷರಗಳು ನೂರು ವರ್ಷವೂ ಬಾಳುತ್ತಿರಲಿಲ್ಲ.

ಹಿಮಗಡ್ಡೆ
ನೀರೇ ಮುಖ್ಯ ಅನ್ನುವವರು ಮಂಜುಗಡ್ಡೆಯ ಸುದ್ದಿಯನ್ನೇ ಎತ್ತಲಿಲ್ಲ! ನೀರು ಹೆಪ್ಪುಗಟ್ಟಿದಾಗ ಗಾತ್ರ ಸುಮಾರು 9 ಶೇಕಡಾ ಹೆಚ್ಚುತ್ತದೆ. ಬಿರುಕಿನಲ್ಲಿ ತುಂಬಿದ ನೀರು ಹೆಪ್ಪುಗಟ್ಟಿ ಉಬ್ಬಿದರೆ ಎಂಥ ಬಂಡೆಯೂ ಸೀಳುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮುದುಕನ ಮುಖದ ಆಕಾರದ ಬಂಡೆ ಇತ್ತು. ಬೀಳಬಾರದು ಅಂತ ಕಬ್ಬಿಣದ ಕಟ್ಟು ಹಾಕಿ, ಸಿಮೆಂಟು ತುಂಬಿ ದಶಕಗಟ್ಟಲೆ ಕಾಪಾಡಿದರು. 2003ರ ಮೇ 3ರಂದು ಬಿದ್ದೇ ಹೋಯಿತು.

ಪದರಗಲ್ಲು
9 ಶೇಕಡಾ ಕಥೆ ಅರ್ಧ ಮಾತ್ರ ಸರಿ. ಮುಚ್ಚಿದ ಬಾಟಲಿಯಲ್ಲಾದರೆ ಹಾಗಾಗುತ್ತದೆ. ಬಂಡೆಯ ಬಿರುಕು ಸಾಮಾನ್ಯವಾಗಿ ತೆರೆದಿರುತ್ತದೆ, ತುಂಬ ನೀರೂ ಇರುವುದಿಲ್ಲ. ಉಬ್ಬಿದ ಮಂಜು ಬಾಯಿಯ ಕಡೆ ನುಸುಳಿಕೊಂಡು ಬರುತ್ತದೆ, ಒತ್ತಡ ಅಷ್ಟು ಏರುವುದಿಲ್ಲ.

ಹೆಚ್ಚು ಕೆಲಸ ಮಾಡುವುದು ಬೇರೆ. ಬಿರುಕಿನಲ್ಲಿ ಹುಟ್ಟಿದ ಸಣ್ಣ ಮಂಜುಗಡ್ಡೆ ಸುತ್ತಲಿನ ಕಲ್ಲಿನ ರಂಧ್ರಗಳಿಂದ ಇನ್ನೂ ಹೆಪ್ಪುಗಟ್ಟದ ನೀರನ್ನು ಎಳೆದುಕೊಂಡು ಬೆಳೆಯುತ್ತ ಹೋಗುತ್ತದೆ. ಬೆಳೆದಂತೆ ಬಿರುಕಿನ ಗೋಡೆಯನ್ನು ತಳ್ಳುತ್ತದೆ. ವಾಲ್ಡರ್ ಮತ್ತು ಹ್ಯಾಲೆಟ್ 1985ರಲ್ಲಿ ಇದರ ಲೆಕ್ಕ ಕೊಟ್ಟರು. ಹೆಚ್ಚು ಬಿರುಕು ಬೆಳೆಯುವುದು ಸೊನ್ನೆಗಿಂತ ಸುಮಾರು 4ರಿಂದ 15 ಡಿಗ್ರಿ ಕೆಳಗೆ. ತುಂಬಾ ಚಳಿಯಾದರೆ ನೀರು ಹರಿದು ಬರಲು ಆಗುವುದಿಲ್ಲ. ಸುಮ್ನೆ ಸೊನ್ನೆಯ ಆಚೀಚೆ ಎಷ್ಟು ಸಲ ಓಡಾಡಿತು ಅನ್ನುವುದಕ್ಕಿಂತ, ಆ ನಡುವಿನ ತಾಪದಲ್ಲಿ ನೀರಿನ ಆಸರೆ ಇಟ್ಟುಕೊಂಡು ಎಷ್ಟು ಹೊತ್ತು ಇತ್ತು ಅನ್ನುವುದು ಮುಖ್ಯ.

ಹಿಮಗಡ್ಡೆ
ಲೆಕ್ಕ ಇರಲಿ, ಹಿಗ್ಗುವುದು ಕಾರಣ ಅಲ್ಲ ಅನ್ನೋಕೆ ಕಣ್ಣಿಗೆ ಕಾಣುವ ಪುರಾವೆ ಇದೆಯಾ?

ಪದರಗಲ್ಲು
ಇದೆ. ಮಣ್ಣಿನಲ್ಲಿ ಮಾಡಿದ್ದು, ಆದರೆ ತತ್ವ ಅದೇ. ಸ್ಟೀಫನ್ ಟೇಬರ್ ಸುಮಾರು 1930ರಲ್ಲಿ ನೀರಿನ ಬದಲು ಬೆಂಜೀನ್ ತುಂಬಿದ ಮಣ್ಣನ್ನು ಹೆಪ್ಪುಗಟ್ಟಿಸಿದರು. ಬೆಂಜೀನ್ ಹೆಪ್ಪುಗಟ್ಟಿದಾಗ ಕುಗ್ಗುತ್ತದೆ, ಹಿಗ್ಗುವುದಿಲ್ಲ. ಆದರೂ ಮಣ್ಣು ಮೇಲಕ್ಕೆ ಉಬ್ಬಿತು. ಹರಳು ಬೆಳೆಯುವಾಗ ದ್ರವವನ್ನು ತನ್ನ ಕಡೆ ಎಳೆದುಕೊಳ್ಳುವುದರಿಂದ ಆಗುವ ಉಬ್ಬು ಅದು.

ಹಿಮಗಡ್ಡೆ
ಇದು ನನಗೆ ಹೊಸದು. ಆದರೂ ನೀರು ತುಂಬಿ ಬಾಯಿ ಬೇಗ ಮುಚ್ಚಿಕೊಂಡ ಬಿರುಕಿನಲ್ಲಿ ಆ 9 ಶೇಕಡಾ ಕೆಲಸ ಮಾಡಿಯೇ ಮಾಡುತ್ತದೆ, ಅದನ್ನು ಪೂರ್ತಿ ತಳ್ಳಿಹಾಕಬೇಡಿ.

ಕಡಲಂಚು
ಮಂಜು ಬೀಳದ ಕಡೆ ಆ ಕೆಲಸವನ್ನು ಉಪ್ಪು ಮಾಡುತ್ತದೆ. ಉಪ್ಪುನೀರು ಕಲ್ಲಿನ ರಂಧ್ರಕ್ಕೆ ಇಳಿಯುತ್ತದೆ, ನೀರು ಆವಿಯಾಗುತ್ತದೆ, ಹರಳು ಬೆಳೆದು ಗೋಡೆ ತಳ್ಳುತ್ತದೆ. ಕಡಲ ಹತ್ತಿರದ ಮರಳುಗಲ್ಲಿನಲ್ಲಿ ಗೂಡುಗೂಡಾಗಿ ತೂತು ಬಿದ್ದಿರುವುದನ್ನು ನೋಡಿರಬಹುದು. ಅದರಲ್ಲಿ ಉಪ್ಪಿನ ಪಾಲು ದೊಡ್ಡದು.

ಕ್ಲಿಯೋಪಾತ್ರಳ ಸೂಜಿ ಅಂತ ಕರೆಯುವ ಈಜಿಪ್ಟಿನ ಗ್ರಾನೈಟ್ ಕಂಬ 1881ರಲ್ಲಿ ನ್ಯೂಯಾರ್ಕಿನ ಪಾರ್ಕಿನಲ್ಲಿ ನಿಂತಿತು. ಸುಮಾರು ಮೂರೂವರೆ ಸಾವಿರ ವರ್ಷ ಹಳೆಯದು. ಅದರ ಒಂದು ಭಾಗ ಈಜಿಪ್ಟಿನಲ್ಲೇ ಶತಮಾನಗಟ್ಟಲೆ ನೆಲಕ್ಕೆ ಬಿದ್ದು ತೇವದ ಮಣ್ಣಿನಿಂದ ಉಪ್ಪು ಕುಡಿದಿತ್ತು. ಒಣ ಹವೆಯಲ್ಲಿ ಸುಮ್ಮನಿದ್ದ ಉಪ್ಪು ನ್ಯೂಯಾರ್ಕಿನ ತೇವ ಕಂಡು ಕರಗಿ, ಒಣಗಿ, ಮತ್ತೆ ಕರಗಿ ಚಕ್ಕೆ ಎಬ್ಬಿಸಲು ಶುರುಮಾಡಿತು. 1885ರಲ್ಲಿ ಸಡಿಲ ಚಕ್ಕೆಗಳನ್ನು ಕಿತ್ತು ಕಾಯಿಸಿದ ಪ್ಯಾರಫಿನ್ ಮೇಣ ಬಳಿದರು. ಅಷ್ಟರೊಳಗೆ ಎಷ್ಟೋ ಅಕ್ಷರ ಹೋಗಿದ್ದವು. ಮಗುವಿನ ಕಂಬದ ಪ್ರಶ್ನೆಗೆ ಇದನ್ನೂ ಸೇರಿಸಿ. ಒಂದೇ ಕಲ್ಲು, ಒಂದು ಹವೆಯಲ್ಲಿ ಸಾವಿರ ವರ್ಷ ಬಾಳಿತು, ಇನ್ನೊಂದರಲ್ಲಿ ಕೆಲವೇ ವರ್ಷಕ್ಕೆ ಉದುರಿತು.

ಗುಂಡುಕಲ್ಲು
ವಿಷಯ ಸ್ವಲ್ಪ ಬೇರೆ, ಆದರೂ ಕೇಳುತ್ತೇನೆ. ಹಂಪಿಯ ಸುತ್ತ ಇರುವ ಆ ದೊಡ್ಡ ದೊಡ್ಡ ದುಂಡು ಬಂಡೆಗಳನ್ನು ಯಾವುದೋ ಕಾಲದ ನದಿ ಉರುಳಿಸಿ ತಂದು ಹಾಕಿದ್ದಲ್ವಾ? ಹೊಳೆಯ ಕಲ್ಲು ದುಂಡಗಿರುತ್ತದಲ್ಲ, ಹಾಗೆ.

ಬಿಳಿಜೇಡಿ
ಅಲ್ಲ, ಅವು ಎಲ್ಲಿಂದಲೂ ಬಂದಿಲ್ಲ. ಇದ್ದಲ್ಲೇ ದುಂಡಗಾದವು.

ಇಲ್ಲಿ ರಸಾಯನ ವಿಜ್ಞಾನ ಬೇಕು. ನಾನು ಅದನ್ನೇ ಪಾಠ ಮಾಡುವವಳು, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಗ್ರಾನೈಟಿನಲ್ಲಿ ಮುಖ್ಯವಾಗಿ ಮೂರು ಖನಿಜ: ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್, ಅಭ್ರಕ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಮೆತ್ತನೆಯ ಆಮ್ಲವಾಗುತ್ತದೆ. ಹೊಗೆ ಸೇರದ ಮಳೆಯ ಪಿಎಚ್ ಕೂಡ ಸುಮಾರು 5.6. ಮಣ್ಣಿನೊಳಗೆ ಬೇರು ಮತ್ತು ಸೂಕ್ಷ್ಮಜೀವಿಗಳ ಉಸಿರು ಸೇರಿ ಆ ಅನಿಲ ಗಾಳಿಯಲ್ಲಿ ಇರುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಬಯಲಲ್ಲಿ ನಿಂತ ಬಂಡೆಗಿಂತ ಮಣ್ಣಲ್ಲಿ ಹೂತ ಬಂಡೆ ಬೇಗ ಕೊಳೆಯುತ್ತದೆ. ಇದು ಬಹಳ ಜನರಿಗೆ ಉಲ್ಟಾ ಅನ್ನಿಸುತ್ತದೆ. ಮಣ್ಣು ಹೊದಿಕೆ ಥರ ಕಾಪಾಡುತ್ತದೆ ಅಂದುಕೊಳ್ಳುತ್ತಾರೆ, ಆದರೆ ತೇವ ಹಿಡಿದಿಟ್ಟುಕೊಳ್ಳುವುದೂ ಅದೇ.

ಈ ನೀರು ಫೆಲ್ಡ್‌ಸ್ಪಾರ್‌ನಿಂದ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ ಎಳೆದುಕೊಂಡು ಹೋಗುತ್ತದೆ. ಉಳಿಯುವುದು ಜೇಡಿ. ಕರಿ ಅಭ್ರಕದಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಹಾಳೆಗಳು ಉಬ್ಬುತ್ತವೆ, ಉಬ್ಬಿ ಪಕ್ಕದ ಹರಳುಗಳನ್ನು ಬಿಡಿಸುತ್ತವೆ. ಕ್ವಾರ್ಟ್ಜ್ ಮಾತ್ರ ಹೆಚ್ಚುಕಮ್ಮಿ ಹಾಗೇ ಉಳಿದು ಮರಳಾಗುತ್ತದೆ. ಯಾವ ಖನಿಜ ಮೊದಲು ಸೋಲುತ್ತದೆ ಅಂತ 1938ರಲ್ಲಿ ಗೋಲ್ಡಿಚ್ ಸಾಲು ಕೊಟ್ಟರು. ಆಲಿವಿನ್ ಮೊದಲು, ಕ್ವಾರ್ಟ್ಜ್ ಕೊನೆಗೆ. ಶಿಲಾಪಾಕದಲ್ಲಿ ಜಾಸ್ತಿ ಬಿಸಿಯಲ್ಲಿ ಹುಟ್ಟಿದ ಖನಿಜ ನೆಲದ ಮೇಲೆ ಬೇಗ ಹಾಳಾಗುತ್ತದೆ, ಕಮ್ಮಿ ಬಿಸಿಯಲ್ಲಿ ಹುಟ್ಟಿದ್ದು ತಡವಾಗಿ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಭಾಗ ಇದು.

ಈಗ ದುಂಡುಬಂಡೆಗೆ ಬರೋಣ. ನೆಲದೊಳಗಿನ ಗ್ರಾನೈಟಿನಲ್ಲಿ ಅಡ್ಡ, ಉದ್ದ, ನೆಟ್ಟ ಸೀಳುಗಳಿರುತ್ತವೆ. ಕಲ್ಲು ಚೌಕ ಚೌಕ ದಿಮ್ಮಿಗಳಾಗಿ ಕುಳಿತಿರುತ್ತದೆ. ನೀರು ಆ ಸೀಳುಗಳಲ್ಲಿ ಇಳಿದು ಎಲ್ಲ ಕಡೆಯಿಂದ ತಿನ್ನುತ್ತದೆ. ದಿಮ್ಮಿಯ ಚಪ್ಪಟೆ ಮುಖವನ್ನು ಒಂದೇ ಕಡೆಯಿಂದ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ. ಹಾಗಾಗಿ ಮೂಲೆ ಮೊದಲು ಹೋಗುತ್ತದೆ, ಕಲ್ಲು ದುಂಡಗಾಗುತ್ತದೆ. ಹೊರಗಿನ ಕೊಳೆತ ಪದರಗಳು ಈರುಳ್ಳಿ ಸಿಪ್ಪೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಆಮೇಲೆ ಸುತ್ತಲಿನ ಪುಡಿಮಣ್ಣು ಮಳೆಗೆ ಕೊಚ್ಚಿಹೋದಾಗ ನಡುವಿನ ಗಟ್ಟಿ ತಿರುಳು ಒಂದರ ಮೇಲೊಂದು ನಿಲ್ಲುತ್ತದೆ. ಹಂಪಿಯ ದೃಶ್ಯ, ಆಸ್ಟ್ರೇಲಿಯಾದ ಕಾರ್ಲು ಕಾರ್ಲು, ಇಂಗ್ಲೆಂಡಿನ ಡಾರ್ಟ್‌ಮೂರ್, ಎಲ್ಲ ಕಡೆಯೂ ಹೇಳುವ ಮುಖ್ಯ ವಿವರಣೆ ಇದೇ. ಡಾರ್ಟ್‌ಮೂರ್‌ಗೆ 1955ರಲ್ಲಿ ಲಿಂಟನ್ ಇದನ್ನು ಬರೆದಾಗ ದೊಡ್ಡ ಜಗಳವೇ ಆಯಿತು. ಅಲ್ಲಿ ಹಿಮಯುಗದ ಚಳಿಯೇ ಕಾರಣ ಅಂತ ಇನ್ನೊಂದು ಗುಂಪು ವಾದಿಸಿತು.

ಗುಂಡುಕಲ್ಲು
ಮೂಲೆಗೆ ಮೂರು ಕಡೆಯಿಂದ! ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ ಮೇಡಂ.

ಕೆಮ್ಮಣ್ಣು
ಇದೇ ಕೆಲಸ ಬೆಚ್ಚಗಿನ, ಮಳೆ ಜಾಸ್ತಿ ಇರುವ ಜಾಗದಲ್ಲಿ ಲಕ್ಷಾಂತರ ವರ್ಷ ನಡೆದರೆ ಏನಾಗುತ್ತದೆ ಅನ್ನೋದಕ್ಕೆ ಉತ್ತರ ಜಂಬಿಟ್ಟಿಗೆ. ಸಿಲಿಕಾ ಕೂಡ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತದೆ. ಅದಕ್ಕೇ ಆ ಕೆಂಪು. ಫ್ರಾನ್ಸಿಸ್ ಬುಕನನ್ ಕೇರಳದ ಅಂಗಡಿಪುರಂನಲ್ಲಿ ಇದನ್ನು ನೋಡಿ 1807ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ವಿವರಿಸಿದರು. ಲ್ಯಾಟರೈಟ್ ಅಂತ ಜಗತ್ತಿನ ಭೂವಿಜ್ಞಾನಕ್ಕೆ ಪರಿಚಯವಾಗಿದ್ದು ಅಲ್ಲಿಂದ. ನೆಲದೊಳಗೆ ಇರುವಾಗ ಹಾರೆಯಲ್ಲಿ ಕೊಯ್ಯುವಷ್ಟು ಮೆತ್ತಗೆ, ಗಾಳಿಗೆ ಒಣಗಿದರೆ ಗಟ್ಟಿ. ಅಲ್ಯೂಮಿನಿಯಂ ಹೆಚ್ಚು ಉಳಿದ ಕಡೆ ಬಾಕ್ಸೈಟ್. ಮನೆಯ ಅಲ್ಯೂಮಿನಿಯಂ ಪಾತ್ರೆಗಳ ಮೂಲ ಹುಡುಕಿದರೆ ಬಹುಪಾಲು ಹೀಗೆ ಕೊಳೆತ ಬಂಡೆಯೇ.

ಹಸಿರುಚುಕ್ಕಿ
ಹಳೆಯ ಶಿಲ್ಪಗಳ ಮೇಲೆ ಬೂದು, ಹಳದಿ ಮಚ್ಚೆ ಥರ ಕಲ್ಲುಹೂವು ಬೆಳೆದಿರುತ್ತದಲ್ಲ, ಅದು ಆಮ್ಲ ಬಿಟ್ಟು ಕಲ್ಲು ತಿನ್ನುತ್ತದೆ ಅಂತ ಓದಿದೆ. ತಂತಿ ಬ್ರಶ್ಶಿನಲ್ಲಿ ಉಜ್ಜಿ ತೆಗೆದರೆ ಒಳ್ಳೆಯದಲ್ವಾ?

ಉಳಿಸುತ್ತಿಗೆ
ದಯವಿಟ್ಟು ಬೇಡ. ತಂತಿ ಬ್ರಶ್ಶು ಒಂದು ಮಧ್ಯಾಹ್ನದಲ್ಲಿ ಮಾಡುವ ಹಾನಿಯನ್ನು ಕಲ್ಲುಹೂವು ನೂರು ವರ್ಷದಲ್ಲೂ ಮಾಡುವುದಿಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಮೂಗು ಕಣ್ಣಿನ ಗೆರೆಯೇ ಹೋಗಿತ್ತು.

ಪದರಗಲ್ಲು
ಕಲ್ಲುಹೂವು ಕಲ್ಲು ತಿನ್ನುವುದೂ ನಿಜ. ಆಕ್ಸಾಲಿಕ್ ಆಮ್ಲ ಬಿಡುತ್ತದೆ, ಅದರ ಶಿಲೀಂಧ್ರದ ಎಳೆಗಳು ಹರಳುಗಳ ನಡುವೆ ಮಿಲಿಮೀಟರ್‌ಗಟ್ಟಲೆ ಇಳಿಯುತ್ತವೆ, ಒದ್ದೆಯಾದಾಗ ಉಬ್ಬಿ ಒಣಗಿದಾಗ ಕುಗ್ಗುತ್ತವೆ. ಆದರೆ ಕೆಲವು ಕಲ್ಲುಗಳ ಮೇಲೆ ಅದೇ ಹೊದಿಕೆ ಮಳೆಹನಿಯ ಹೊಡೆತ ತಡೆಯುತ್ತದೆ, ತಾಪದ ಏರಿಳಿತ ತಗ್ಗಿಸುತ್ತದೆ. ಯಾವ ಕಲ್ಲು, ಯಾವ ಜಾತಿ, ಯಾವ ಹವೆ ಅಂತ ನೋಡದೆ ತೆಗೆಯಬಾರದು. ಕಿತ್ತರೆ ಎಳೆಗಳ ಜೊತೆ ಹರಳೂ ಕಿತ್ತುಬರುತ್ತದೆ. ಕೆಲವು ಜಾತಿ ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಆ ನಿಧಾನವನ್ನೇ ಬಳಸಿಕೊಂಡು ಹಿಮನದಿ ಹಿಂದೆ ಸರಿದು ಬಂಡೆ ಬಯಲಾಗಿ ಎಷ್ಟು ವರ್ಷವಾಯಿತು ಅಂತ ಲೆಕ್ಕ ಹಾಕುತ್ತಾರೆ.

ಹಸಿರುಚುಕ್ಕಿ
ಸರಿ, ಉಜ್ಜುವುದು ಬೇಡ. ಆದರೆ ಆಲದ ಬೇರು? ಅದಂತೂ ಬಂಡೆಯನ್ನೇ ಸೀಳುತ್ತದೆ, ಇದರಲ್ಲಿ ಎರಡು ಮಾತಿಲ್ಲ.

ಸುಡುಗಾಡು_ಬಿಸಿಲು
ಇದರಲ್ಲೂ ಎರಡು ಮಾತಿದೆ. ಬೇರು ಗಟ್ಟಿ ಕಲ್ಲನ್ನು ಹೊಸದಾಗಿ ಸೀಳುವುದಿಲ್ಲ, ಇರುವ ಸೀಳಿಗೆ ನುಗ್ಗಿ ಅಗಲ ಮಾಡುತ್ತದೆ. ಬೇರು ದಪ್ಪವಾಗುವುದರ ಜೊತೆಗೆ ಇನ್ನೊಂದು ಬಲವೂ ಇದೆ. ಗಾಳಿಗೆ ಮರ ತೂಗಿದಾಗಲೆಲ್ಲ ಬೇರು ಬಂಡೆಯನ್ನು ಮೀಟುತ್ತದೆ, ಅದನ್ನು ಅಳೆದೂ ನೋಡಿದ್ದಾರೆ. ಮತ್ತೆ ಬೇರಿನ ಸುತ್ತ ತೇವ, ಆಮ್ಲ. ಎಲ್ಲ ಒಟ್ಟಿಗೆ ನಡೆಯುತ್ತದೆ.

ಉತ್ತರಧ್ರುವ
ನನ್ನ ಬಿಸಿಲಿಗೇ ವಾಪಸ್ ಬರುತ್ತೇನೆ. ನೀರಿಲ್ಲದೆ ಬಿಸಿಲು ಏನೂ ಮಾಡಲ್ಲ ಅಂತ ಇನ್ನೂ ಯಾರಾದರೂ ಅನ್ನುವುದಾದರೆ ಚಂದ್ರನ ಕಡೆ ನೋಡಲಿ. ಹಗಲು 100 ಡಿಗ್ರಿ ಮೀರುತ್ತದೆ, ರಾತ್ರಿ ಸೊನ್ನೆಗಿಂತ 100 ಡಿಗ್ರಿಗೂ ಕೆಳಗೆ.

ಪದರಗಲ್ಲು
ಚಂದ್ರನ ಪುಡಿ ಬಹುಪಾಲು ಉಲ್ಕೆಗಳ ಹೊಡೆತದಿಂದ ಆದದ್ದು. ದೊಡ್ಡವೂ, ಮರಳಿನ ಕಾಳಿಗಿಂತ ಸಣ್ಣವೂ, ತಡೆಯಲು ಗಾಳಿಯೇ ಇಲ್ಲ. ಅದನ್ನು ಬಿಸಿಲಿನ ಲೆಕ್ಕಕ್ಕೆ ಬರೆಯಬೇಡಿ.

ಸುಡುಗಾಡು_ಬಿಸಿಲು
ಚಂದ್ರ ಬೇಡ, ಬೆನ್ನು ಅನ್ನುವ ಹೆಸರಿನ ಕ್ಷುದ್ರಗ್ರಹ ತೆಗೆದುಕೊಳ್ಳಿ. ನಾಸಾದ ಒಸೈರಿಸ್-ರೆಕ್ಸ್ ನೌಕೆ ಅಲ್ಲಿನ ಬಂಡೆಗಳ ಹತ್ತಿರದ ಚಿತ್ರ ತೆಗೆದಾಗ ಮೇಲ್ಮೈಗೆ ಸಮನಾಗಿ ಚಕ್ಕೆ ಎದ್ದಿರುವುದು ಕಂಡಿತು. 2019ರ ಜನವರಿಯಲ್ಲಿ ಸಣ್ಣ ಕಲ್ಲುಚೂರು ಅಂತರಿಕ್ಷಕ್ಕೆ ಚಿಮ್ಮಿದ್ದನ್ನೂ ನೋಡಿದರು. ಬೆನ್ನು ಸುಮಾರು 4.3 ಗಂಟೆಗೊಮ್ಮೆ ತಿರುಗುತ್ತದೆ, ಅಂದರೆ ಅಲ್ಲಿನ ಬಂಡೆ ನಮ್ಮ ಒಂದು ದಿನದಲ್ಲಿ ಐದಾರು ಸಲ ಕಾದು ತಣಿಯುತ್ತದೆ. ಚೂರು ಚಿಮ್ಮಲು ಸಣ್ಣ ಉಲ್ಕೆಗಳೂ ಕಾರಣ ಇರಬಹುದು ಅನ್ನುತ್ತಾರೆ. ಆದರೆ ಆ ಚಕ್ಕೆಗಳ ಆಕಾರಕ್ಕೆ ತಾಪದ ಒತ್ತಡವೇ ಚೆನ್ನಾಗಿ ಹೊಂದುತ್ತದೆ.

ಭೂಮಿಯ ಮೇಲೂ ಉದಾಹರಣೆ ಇದೆ. ಕ್ಯಾಲಿಫೋರ್ನಿಯಾದ ಟ್ವೇನ್ ಹಾರ್ಟ್‌ನಲ್ಲಿ ಒಂದು ಗ್ರಾನೈಟ್ ಗುಮ್ಮಟ 2014ರ ಆಗಸ್ಟ್‌ನಲ್ಲಿ, ಬಿಸಿಲು ಜೋರಾಗಿದ್ದ ದಿನ, ಜನ ನೋಡುತ್ತಿರುವಾಗಲೇ ಸದ್ದು ಮಾಡಿ ಪದರ ಬಿಚ್ಚಿತು. ವಿಡಿಯೋ ಇದೆ. ಯೊಸೆಮಿಟಿಯ ಕಡಿದಾದ ಬಂಡೆಗೋಡೆಯಲ್ಲಿ ಒಂದು ದೊಡ್ಡ ಚಕ್ಕೆಗೆ ಅಳತೆ ಸಾಧನ ಕಟ್ಟಿ ವರ್ಷಗಟ್ಟಲೆ ನೋಡಿದರು. ಹಗಲು ಗೋಡೆಯಿಂದ ಹೊರಕ್ಕೆ, ರಾತ್ರಿ ಒಳಕ್ಕೆ, ಸೆಕೆ ದಿನಗಳಲ್ಲಿ ಸುಮಾರು ಒಂದು ಸೆಂಟಿಮೀಟರ್‌ವರೆಗೆ ಓಡಾಡುತ್ತಿತ್ತು. ಮಳೆ ಇಲ್ಲ, ಮಂಜು ಇಲ್ಲ, ಭೂಕಂಪ ಇಲ್ಲ, ಆದರೂ ಬೇಸಿಗೆ ಮಧ್ಯಾಹ್ನ ಚಪ್ಪಡಿ ಯಾಕೆ ಬೀಳುತ್ತದೆ ಅನ್ನುವುದಕ್ಕೆ ಇದು ಉತ್ತರ.

ಬಿಳಿಜೇಡಿ
ಆ ಗುಮ್ಮಟದ ಪದರ ಹುಟ್ಟುವುದು ಬಿಸಿಲಿಂದ ಅಲ್ಲ, ಇದನ್ನು ಬೇರೆ ಮಾಡಿ ಹೇಳಬೇಕು. ಗ್ರಾನೈಟ್ ಹುಟ್ಟಿದ್ದು ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಮೇಲಿನ ಭಾರ ಹೋದಾಗ ಹೊರಮೈಗೆ ಸಮನಾಗಿ ಸೀಳುತ್ತದೆ. ಪಕ್ಕದಿಂದ ಒತ್ತುವ ಬಲ ಜೋರಾಗಿದ್ದು ಮೇಲ್ಮೈ ಉಬ್ಬಾಗಿದ್ದರೆ ಈ ಸೀಳು ಸುಲಭ. ಬಿಸಿಲು ಆಮೇಲೆ ಬಂದು ಅದನ್ನು ಮುಗಿಸುತ್ತದೆ.

ಸುಡುಗಾಡು_ಬಿಸಿಲು
ಒಪ್ಪಿದೆ. ಕೊನೆಯ ತಳ್ಳು ಅಂತಲೇ ನಾನೂ ಹೇಳುತ್ತಿರುವುದು.

ನೀಲಿಆಕಾಶ
ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಬಂಡೆ ಕರಗುವಾಗ ಇಂಗಾಲದ ಡೈಆಕ್ಸೈಡ್ ಬಳಕೆಯಾಗುತ್ತದೆ ಅಂದರೆ ಬಂಡೆ ಪುಡಿ ಮಾಡಿ ಹೊಲಕ್ಕೆ ಹಾಕಿದರೆ ಭೂಮಿ ಬಿಸಿಯಾಗುವುದು ನಿಲ್ಲುತ್ತದಾ? ಎಲ್ಲೋ ಓದಿದೆ.

ಬಿಳಿಜೇಡಿ
ತತ್ವ ಸರಿ. ಬಸಾಲ್ಟಿನಂಥ ಸಿಲಿಕೇಟ್ ಕಲ್ಲು ಕರಗಿದಾಗ ಗಾಳಿಯ ಇಂಗಾಲ ಬೈಕಾರ್ಬನೇಟ್ ಆಗಿ ನದಿ ಸೇರುತ್ತದೆ, ಕಡಲಲ್ಲಿ ಚಿಪ್ಪಾಗಿ ತಳ ಸೇರುತ್ತದೆ. ಜ್ವಾಲಾಮುಖಿಗಳು ಉಗುಳುವ ಇಂಗಾಲವನ್ನು ಭೂಮಿ ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಸರಿದೂಗಿಸುತ್ತಿರುವುದು ಹೀಗೆ. ಬಿಸಿ ಜಾಸ್ತಿಯಾದರೆ ಮಳೆ ಜಾಸ್ತಿ, ಕರಗುವುದು ಜಾಸ್ತಿ, ಇಂಗಾಲ ಕಮ್ಮಿ, ಮತ್ತೆ ತಂಪು. 1981ರಲ್ಲಿ ವಾಕರ್, ಹೇಸ್, ಕಾಸ್ಟಿಂಗ್ ಈ ವಾದ ಮುಂದಿಟ್ಟರು. ಹಿಮಾಲಯ ಎದ್ದು ಹೊಸ ಕಲ್ಲು ಬಯಲಾಗಿದ್ದರಿಂದಲೇ ಭೂಮಿ ತಂಪಾಯಿತು ಅಂತ 1992ರಲ್ಲಿ ರೇಮೋ ಮತ್ತು ರಡಿಮನ್ ಬರೆದರು. ಅದರ ಮೇಲೆ ವಾದ ಇನ್ನೂ ನಡೆಯುತ್ತಿದೆ.

ಸುಣ್ಣದ ಕಲ್ಲಿಗೆ ಈ ಲೆಕ್ಕ ಹೊಂದುವುದಿಲ್ಲ. ಅದು ಕರಗುವಾಗ ಹಿಡಿದಷ್ಟು ಇಂಗಾಲವನ್ನು ಕಡಲಲ್ಲಿ ಚಿಪ್ಪಾಗುವಾಗ ವಾಪಸ್ ಬಿಡುತ್ತದೆ.

ನೀಲಿಆಕಾಶ
ಪುಡಿಯೇ ಯಾಕೆ ಬೇಕು? ಕಲ್ಲು ಹಾಗೇ ಹಾಕಿದರೆ?

ಪದರಗಲ್ಲು
ನೀರು ತಾಗುವ ಮೈ ಬೇಕಲ್ಲ. ಒಂದು ಸೆಂಟಿಮೀಟರ್ ಘನದ ಕಲ್ಲಿಗೆ 6 ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದು ಮಿಲಿಮೀಟರ್ ಘನಗಳಾಗಿ ಒಡೆದರೆ 60. ಬಿಸಿಲು, ಮಂಜು, ಬೇರು ಒಡೆಯುವುದರಿಂದ ರಸಾಯನ ಕ್ರಿಯೆ ಜೋರಾಗುವುದೂ ಇದಕ್ಕೇ. ಪುಸ್ತಕದಲ್ಲಿ ಭೌತಿಕ, ರಾಸಾಯನಿಕ, ಜೈವಿಕ ಅಂತ ಮೂರು ಬೇರೆ ಬೇರೆ ಖಾನೆ ಮಾಡಿರುವುದು ಓದಲು ಅನುಕೂಲಕ್ಕೆ, ಕಲ್ಲಿಗೆ ಆ ಖಾನೆ ಇಲ್ಲ.

ಪುಡಿ ಮಾಡಲು, ಸಾಗಿಸಲು ಇಂಧನ ಬೇಕು, ಅದನ್ನು ಕಳೆದು ಎಷ್ಟು ಉಳಿಯುತ್ತದೆ ಅನ್ನುವುದೇ ಈಗಿನ ಪ್ರಶ್ನೆ. ಹೊಲಗಳಲ್ಲಿ ಪ್ರಯೋಗ ನಡೆಯುತ್ತಿವೆ. ಅದೊಂದರಿಂದಲೇ ಎಲ್ಲ ಸರಿಹೋಗುತ್ತದೆ ಅಂತ ಹೇಳುವವರನ್ನು ನಂಬಬೇಡಿ.

ಮಳೆಹನಿ
ಎಲ್ಲರಿಗೂ ಧನ್ಯವಾದ. ಪರೀಕ್ಷೆಯಲ್ಲಿ ಏನು ಬರೆಯಬೇಕು ಅನ್ನೋದೇ ಈಗ ಚಿಂತೆ. ಪುಸ್ತಕದ ಉತ್ತರ ಬರೆದರೆ ಅಂಕ, ಇದನ್ನು ಬರೆದರೆ?

ಉತ್ತರಧ್ರುವ
ಪುಸ್ತಕದ್ದನ್ನೇ ಬರೆಯಲಿ, ಅಂಕ ಕಳೆದುಕೊಳ್ಳುವುದು ಯಾಕೆ.

ಬಿಳಿಜೇಡಿ
ಎರಡೂ ಬರೆಯಬಹುದು. "ಹಗಲು ರಾತ್ರಿಯ ತಾಪದ ಏರಿಳಿತದಿಂದ ಬಂಡೆಯಲ್ಲಿರುವ ಬಿರುಕುಗಳು ನಿಧಾನವಾಗಿ ಬೆಳೆಯುತ್ತವೆ, ತೇವ ಇದ್ದರೆ ಇದು ಬೇಗ ಆಗುತ್ತದೆ." ಪುಸ್ತಕಕ್ಕೂ ವಿರುದ್ಧವಲ್ಲ, ಸತ್ಯವೂ ಹೌದು. ಇಂಥ ಉತ್ತರ ಬಂದರೆ ನಾನಂತೂ ಪೂರ್ತಿ ಅಂಕ ಕೊಡುತ್ತೇನೆ. ಮತ್ತೆ ಶಿಥಿಲೀಕರಣ ಮತ್ತು ಸವೆತ ಎರಡನ್ನೂ ಕಲಸಬೇಡ ಅನ್ನಿ ಅವಳಿಗೆ. ಇದ್ದಲ್ಲೇ ಒಡೆಯುವುದು, ಕೊಳೆಯುವುದು ಮೊದಲನೆಯದು. ಒಡೆದದ್ದನ್ನು ನೀರು, ಗಾಳಿ, ಹಿಮನದಿ ಹೊತ್ತೊಯ್ಯುವುದು ಎರಡನೆಯದು. ಮಕ್ಕಳು ಹೆಚ್ಚು ಅಂಕ ಕಳೆದುಕೊಳ್ಳುವುದು ಇಲ್ಲೇ.

ಗುಂಡುಕಲ್ಲು
ಕ್ವಾರ್ಟ್ಜ್ "ಹೆಚ್ಚುಕಮ್ಮಿ" ಹಾಗೇ ಉಳಿಯುತ್ತದೆ ಅಂದಿರಿ ಮೇಡಂ. ಹಾಗಾದರೆ ಅದೂ ಕರಗುತ್ತದಾ?

ಬಿಳಿಜೇಡಿ
ಕರಗುತ್ತದೆ, ತುಂಬಾ ತುಂಬಾ ನಿಧಾನ. ವೆನೆಜುವೆಲಾದ ಟೆಪುಯಿ ಅನ್ನುವ ಮೇಜಿನ ಆಕಾರದ ಬೆಟ್ಟಗಳು ಬಹುತೇಕ ಕ್ವಾರ್ಟ್ಜ್ ಮರಳುಗಲ್ಲು, ನೂರು ಕೋಟಿ ವರ್ಷಕ್ಕೂ ಹಳೆಯವು. ಅವುಗಳ ಒಳಗೆ ಕಿಲೋಮೀಟರ್‌ಗಟ್ಟಲೆ ಉದ್ದದ ಗುಹೆಗಳಿವೆ. ಮರಳಿನ ಕಾಳುಗಳನ್ನು ಹಿಡಿದಿಟ್ಟ ಸಿಲಿಕಾ ಕರಗಿ, ಕಾಳು ಸಡಿಲವಾಗಿ, ಆಮೇಲೆ ನೀರು ಕೊಚ್ಚಿಕೊಂಡು ಹೋಗಿ ಗುಹೆ ಆಯಿತು ಅನ್ನುವುದು ಒಂದು ವಿವರಣೆ.

ಪದರಗಲ್ಲು
ಅದಕ್ಕೆ ಎದುರು ವಾದವೂ ಇದೆ. ಕೆಲವು ಪದರ ಮೊದಲಿನಿಂದಲೂ ಸರಿಯಾಗಿ ಗಟ್ಟಿಯಾಗಿರಲೇ ಇಲ್ಲ, ನೀರಿಗೆ ಕರಗಿಸುವ ಕೆಲಸವೇ ಬೇಕಾಗಲಿಲ್ಲ ಅಂತ. ಗುಹೆಯ ಚಿತ್ರಗಳಲ್ಲಿ ಗಟ್ಟಿ ಪದರದ ನಡುವೆ ಸಾಲು ಕಂಬಗಳು ನಿಂತಿರುವುದು ನೋಡಿದರೆ ನನಗೆ ಆ ವಾದವೇ ಸರಿ ಅನ್ನಿಸುತ್ತದೆ.

ಬಿಳಿಜೇಡಿ
ಕಂಬಗಳಿಗೆ ಕರಗುವ ವಿವರಣೆಯೂ ಹೊಂದುತ್ತದೆ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ, ಅಲ್ಲಿ ಬರುತ್ತೇನೆ.